ಎಪಿಎಸ್-ಸಿ ಕ್ಯಾಮೆರಾಕ್ಕೆ ಪೋರ್ಟ್ರೇಟ್ ಲೆನ್ಸ್: 56 ಮಿ.ಮೀ. ಯಾಕೆ ಆರಿಸಿಕೊಂಡೆ

ನನ್ನ ಕ್ಯಾಮೆರಾ ಬಾಡಿ ಸೋನಿ ಎ6400. ಸೆನ್ಸರ್ ಎಪಿಎಸ್-ಸಿ, ಅಂದರೆ ಹಳೆಯ ಫಿಲ್ಮಿನ ಅಳತೆಯ ಫುಲ್‌ಫ್ರೇಮ್ ಸೆನ್ಸರಿಗಿಂತ ಚಿಕ್ಕದು, ಉದ್ದ 23.5 ಮಿ.ಮೀ. ಬಾಡಿಯೊಳಗೆ ಸ್ಟೆಬಿಲೈಸೇಶನ್ (ಕೈನಡುಕ ತಡೆಯುವ ವ್ಯವಸ್ಥೆ) ಇಲ್ಲ. ಷಟರ್ ವೇಗ 1/4000 ಸೆಕೆಂಡಿಗಿಂತ ಮೇಲೆ ಹೋಗುವುದಿಲ್ಲ, ಫ್ಲಾಶ್ ಸಿಂಕ್ (ಫ್ಲಾಶ್ ಜೊತೆ ಬಳಸಬಹುದಾದ ಗರಿಷ್ಠ ಷಟರ್ ವೇಗ) 1/160. ಲೆನ್ಸ್ ಆರಿಸುವಾಗ ಈ ಅಂಕಿಗಳೆಲ್ಲ ಲೆಕ್ಕಕ್ಕೆ ಬಂದವು. ಆದರೆ ಎಲ್ಲಕ್ಕಿಂತ ಮೊದಲು ಬಂದದ್ದು ಒಂದೇ ಪ್ರಶ್ನೆ: ಫೋಟೊ ತೆಗೆಯುವಾಗ ಎದುರಿನವರಿಂದ ಎಷ್ಟು ದೂರ ನಿಲ್ಲಲು ಜಾಗ ಸಿಗುತ್ತದೆ? ಪೋರ್ಟ್ರೇಟ್ ಲೆನ್ಸ್ ಅಂದ ಕೂಡಲೆ ಎಲ್ಲರೂ ಎಫ್ ನಂಬರಿನ (ಅಪರ್ಚರ್, ಅಂದರೆ ಬೆಳಕಿನ ಕಿಂಡಿ ಎಷ್ಟು ತೆರೆಯುತ್ತದೆ ಎನ್ನುವ ಅಂಕಿ; ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಮಾತಿಗೆ ಇಳಿಯುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ನೋಡುವ ಸಂಗತಿ.

ಜಾಗದ ಲೆಕ್ಕಕ್ಕೆ ದುಡ್ಡು ಖರ್ಚಾಗುವುದಿಲ್ಲ. ಕ್ಯಾಮೆರಾ ಜೊತೆ ಬಂದ 16-50 ಮಿ.ಮೀ. ಕಿಟ್ ಲೆನ್ಸನ್ನು 50ಕ್ಕೆ ತಿರುಗಿಸಿ, ಫೋಟೊ ತೆಗೆಯುವ ಕೋಣೆಯಲ್ಲಿ ಒಬ್ಬರನ್ನು ಗೋಡೆಯಿಂದ ಒಂದು ಮೀಟರ್ ಮುಂದೆ ನಿಲ್ಲಿಸಿ, ಕ್ಯಾಮೆರಾ ಲಂಬವಾಗಿ ಹಿಡಿದು ಹಿಂದಕ್ಕೆ ಹೆಜ್ಜೆ ಇಡುತ್ತ ಹೋಗಬೇಕು. ಸೊಂಟದಿಂದ ಮೇಲೆ ಫ್ರೇಮಿಗೆ ಬಂದಾಗ ನೆಲಕ್ಕೆ ಟೇಪ್ ಅಂಟಿಸಿ ಅಳೆಯುವುದು. ಇದರ ಜೊತೆಗೆ ಹಳೆಯ ಫೋಟೊಗಳ ಎಕ್ಸಿಫ್ ಮಾಹಿತಿಯನ್ನೂ (ಫೋಟೊ ಫೈಲಿನಲ್ಲೇ ದಾಖಲಾಗುವ ಲೆನ್ಸ್, ಷಟರ್ ವಿವರ) ನೋಡಿದರೆ ಒಳ್ಳೆಯದು: ಇಷ್ಟವಾದ ಮುಖಚಿತ್ರಗಳೆಲ್ಲ 50ರ ತುದಿಯಲ್ಲೇ ಇದ್ದರೆ ಇನ್ನೂ ಸ್ವಲ್ಪ ಉದ್ದದ ಲೆನ್ಸ್ ಬೇಕು ಎಂದರ್ಥ. 35ರ ಸುತ್ತ ಇದ್ದರೆ ನಿಮ್ಮ ಜಾಗವೇ ಚಿಕ್ಕದು.

ನನ್ನೆದುರಿಗೆ ಇದ್ದದ್ದು ಮೂರು ಲೆನ್ಸ್: ಸೋನಿ ಇ 50 ಮಿ.ಮೀ. ಎಫ್/1.8 ಓಎಸ್ಎಸ್, ಸಿಗ್ಮಾ 56 ಮಿ.ಮೀ. ಎಫ್/1.4 ಡಿಸಿ ಡಿಎನ್, ಸೋನಿ ಎಫ್ಇ 85 ಮಿ.ಮೀ. ಎಫ್/1.8. ಕೊನೆಯದು ಫುಲ್‌ಫ್ರೇಮ್ ಲೆನ್ಸ್. ಎಪಿಎಸ್-ಸಿ ಕ್ಯಾಮೆರಾಕ್ಕೆ ಹಾಕಿದರೆ ಫುಲ್‌ಫ್ರೇಮಿನ ಸುಮಾರು 127 ಮಿ.ಮೀ. ಲೆನ್ಸಿನಷ್ಟು ಇಕ್ಕಟ್ಟಾಗಿ ಕಾಣುತ್ತದೆ. ದೂರದ ಸೂತ್ರ ಸರಳ. ಫ್ರೇಮಿನಲ್ಲಿ ಎಷ್ಟು ಎತ್ತರ ಬೇಕೋ ಅದನ್ನು ಲೆನ್ಸಿನ ಹೆಸರಲ್ಲಿರುವ ಮಿ.ಮೀ. ಅಂಕಿಯಿಂದ, ಅಂದರೆ ಫೋಕಲ್ ಲೆಂಗ್ತ್‌ನಿಂದ ಗುಣಿಸಿ 23.5ರಿಂದ ಭಾಗಿಸಿದರೆ ಹೆಚ್ಚುಕಡಿಮೆ ನಿಲ್ಲಬೇಕಾದ ದೂರ ಸಿಗುತ್ತದೆ. ಸೊಂಟದಿಂದ ಮೇಲಕ್ಕೆ, ಅಂದರೆ ಸುಮಾರು 85 ಸೆಂ.ಮೀ. ಎತ್ತರದ ಫ್ರೇಮಿಗೆ 50ರಲ್ಲಿ 1.8 ಮೀಟರ್, 56ರಲ್ಲಿ 2 ಮೀಟರ್, 85ರಲ್ಲಿ 3.1 ಮೀಟರ್. ತಲೆಯ ಮೇಲೆ, ಕಾಲ ಕೆಳಗೆ ಸ್ವಲ್ಪ ಜಾಗ ಬಿಟ್ಟು ಇಡೀ ಆಳು ಬರಬೇಕು, ಅಂದರೆ 2 ಮೀಟರ್ ಎತ್ತರದ ಫ್ರೇಮ್ ಬೇಕೆಂದರೆ ಕ್ರಮವಾಗಿ 4.3, 4.8, 7.2 ಮೀಟರ್.

ಈ ಅಂಕಿಗಳಿಗೆ ಹಿಂದಿನ ಗೋಡೆಯವರೆಗಿನ ಒಂದು ಮೀಟರ್ ಮತ್ತು ಕ್ಯಾಮೆರಾ ಹಿಡಿದವರು ನಿಲ್ಲಲು ಅರ್ಧ ಮೀಟರ್ ಸೇರಿಸಿ ನೋಡಿ. ಹತ್ತಕ್ಕೆ ಹನ್ನೆರಡಡಿಯ ಕೋಣೆಯ ಉದ್ದಗೋಡೆಯ ಗುಂಟ 56ರಲ್ಲಿ ಅರ್ಧದೇಹದ ಚಿತ್ರ ಕಷ್ಟಪಟ್ಟು ಆಗುತ್ತದೆ: ಬೇಕಾದ್ದು ಹನ್ನೊಂದೂವರೆ ಅಡಿ. 85ಕ್ಕೆ ಹದಿನೈದು ಅಡಿ ಬೇಕು. ಬೆಂಗಳೂರಿನ ಬಹುಪಾಲು ಫ್ಲಾಟುಗಳಲ್ಲಿ ಅದು ಹಾಲ್ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ. ಆಳೆತ್ತರದ ಚಿತ್ರವನ್ನು ಮನೆಯೊಳಗೆ ಈ ಮೂರರಲ್ಲಿ ಯಾವುದರಿಂದಲೂ ತೆಗೆಯುವ ಆಸೆ ಬೇಡ. ಅದಕ್ಕೆ ಕಿಟ್ ಲೆನ್ಸಿನ 30-35 ಸಾಕು.

ಹಾಗಿದ್ದರೆ 35ರಲ್ಲೇ ಹತ್ತಿರ ಹೋಗಿ ಮುಖ ತೆಗೆದರೆ ಏನಾಗುತ್ತದೆ? ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂ.ಮೀ. ಆಳ. ತಲೆ, ಭುಜ ತುಂಬುವ 60 ಸೆಂ.ಮೀ. ಫ್ರೇಮಿಗೆ 35ರಲ್ಲಿ 90 ಸೆಂ.ಮೀ. ಹತ್ತಿರ ಹೋಗಬೇಕು, ಆಗ ಕಿವಿಗೆ ಹೋಲಿಸಿದರೆ ಮೂಗು ಶೇ. 13ರಷ್ಟು ಹಿಗ್ಗುತ್ತದೆ. 56ರಲ್ಲಿ ದೂರ 1.4 ಮೀಟರ್, ಹಿಗ್ಗುವುದು ಶೇ. 8ರಷ್ಟು. 85ರಲ್ಲಿ 2.2 ಮೀಟರ್, ಶೇ. 5ರ ಆಸುಪಾಸು. ಮುಖದ ಆಕಾರ ಬದಲಿಸುವುದು ದೂರವೇ ಹೊರತು ಲೆನ್ಸಿನ ಗಾಜಲ್ಲ. ಶೇ. 13 ಕಣ್ಣಿಗೆ ಹೊಡೆದು ಕಾಣುತ್ತದೆ, ಅದರಲ್ಲೂ ಅಗಲ ಮೂಗಿನವರಲ್ಲಿ. 8ಕ್ಕೂ 5ಕ್ಕೂ ಇರುವ ವ್ಯತ್ಯಾಸವನ್ನು ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಮಾತ್ರ ಹೇಳಬಹುದು. 50ರ ಮೇಲೆ ಯಾವುದಾದರೂ ಸರಿ ಎಂಬ ತೀರ್ಮಾನಕ್ಕೆ ಬಂದದ್ದು ಹೀಗೆ.

ಇನ್ನು ಹಿನ್ನೆಲೆ ಮಸುಕಾಗುವ ವಿಷಯ. ಇಲ್ಲಿಯೇ ಹೆಚ್ಚಿನ ಗೊಂದಲ ಇರುವುದು, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಫೋಕಲ್ ಲೆಂಗ್ತನ್ನು ಎಫ್ ನಂಬರಿನಿಂದ ಭಾಗಿಸಿ. 50/1.8 ಅಂದರೆ 28 ಮಿ.ಮೀ., 56/1.4 ಅಂದರೆ 40 ಮಿ.ಮೀ., 85/1.8 ಅಂದರೆ 47 ಮಿ.ಮೀ. ಇದು ಬೆಳಕು ಒಳಬರುವ ಕಿಂಡಿಯ ಅಗಲ. ಬಹಳ ದೂರದ ಒಂದು ಬೀದಿದೀಪ ಚಿತ್ರದಲ್ಲಿ ಎಷ್ಟು ದೊಡ್ಡ ಬಿಲ್ಲೆಯಾಗಿ ಹರಡುತ್ತದೆ ಎಂಬುದನ್ನು ಈ ಅಗಲವೇ ಹೇಳುತ್ತದೆ: ಎದುರಿನ ಮುಖದ ಅಳತೆಯಲ್ಲಿ ನೋಡಿದರೆ ಬಿಲ್ಲೆಯ ಅಗಲ ಹೆಚ್ಚುಕಡಿಮೆ ಕಿಂಡಿಯ ಅಗಲದಷ್ಟೇ. ಅಂದರೆ 56ರಲ್ಲಿ ದೂರದ ದೀಪ ಮುಖದ ಪಕ್ಕ 4 ಸೆಂ.ಮೀ. ಬಿಲ್ಲೆಯಾಗಿ ಕಾಣುತ್ತದೆ, ಒಂದು ಕಣ್ಣಿಗಿಂತ ತುಸು ದೊಡ್ಡದು.

ಹಿನ್ನೆಲೆ ದೂರವಿಲ್ಲದಿದ್ದರೆ ಲೆಕ್ಕ ಬದಲಾಗುತ್ತದೆ. ಮುಖದಿಂದ ಹಿನ್ನೆಲೆಗೆ ಇರುವ ದೂರವನ್ನು, ಕ್ಯಾಮೆರಾದಿಂದ ಹಿನ್ನೆಲೆಗೆ ಇರುವ ಒಟ್ಟು ದೂರದಿಂದ ಭಾಗಿಸಿ, ಬಂದದ್ದನ್ನು ಕಿಂಡಿಯ ಅಗಲದಿಂದ ಗುಣಿಸಬೇಕು. ತಲೆ, ಭುಜದ ಫ್ರೇಮ್, ಗೋಡೆ ಒಂದು ಮೀಟರ್ ಹಿಂದೆ ಇದೆ ಎಂದಿಟ್ಟುಕೊಳ್ಳಿ: 50ರಲ್ಲಿ 12 ಮಿ.ಮೀ., 56ರಲ್ಲಿ 16, 85ರಲ್ಲಿ 15. ಗಮನಿಸಿ, ಮನೆಯೊಳಗೆ 85 ಮಿ.ಮೀ. 56ಕ್ಕಿಂತ ಒಂದು ಕೂದಲೆಳೆ ಕಡಿಮೆಯೇ ಮಸುಕು ಮಾಡುತ್ತದೆ. ಹಿನ್ನೆಲೆ ನಾಲ್ಕು ಮೀಟರ್ ಹಿಂದಿದ್ದರೆ 21, 29, 31. ಮರಗಳ ಸಾಲು, ಕೆರೆಯ ಆಚೆ ದಡ, ಇಂಥ ದೂರದ ಹಿನ್ನೆಲೆಯಲ್ಲಿ ಮಾತ್ರ 85 ನಿಜವಾಗಿ ಮುಂದೆ ಹೋಗುತ್ತದೆ. ನನ್ನ ಕೆಲಸದಲ್ಲಿ ಹೆಚ್ಚಿನದು ಕೋಣೆ, ವರಾಂಡ, ಛತ್ರದ ಮೂಲೆ. 85ನ್ನು ಅಲ್ಲಿಗೇ ಕೈಬಿಟ್ಟೆ. ಲಾಲ್‌ಬಾಗ್‌ನಂಥ ಬಯಲಲ್ಲೇ ಹೆಚ್ಚು ತೆಗೆಯುವವರಿಗೆ ಉತ್ತರ ತಿರುಗುಮುರುಗಾಗಬಹುದು.

50 ಮತ್ತು 56ರ ನಡುವೆ ಆಯ್ಕೆ ಅಷ್ಟು ಸುಲಭವಿರಲಿಲ್ಲ. ಸೋನಿ 50ರ ತೂಕ 202 ಗ್ರಾಂ, 39 ಸೆಂ.ಮೀ. ಹತ್ತಿರದಿಂದ ಫೋಕಸ್ ಆಗುತ್ತದೆ, ಒಳಗೆ ಸ್ಟೆಬಿಲೈಸೇಶನ್ ಇದೆ. ಸಿಗ್ಮಾ 280 ಗ್ರಾಂ, 50 ಸೆಂ.ಮೀ., ಸ್ಟೆಬಿಲೈಸೇಶನ್ ಇಲ್ಲ. ಆದರೆ ಸ್ಟೆಬಿಲೈಸೇಶನ್ ನಮ್ಮ ಕೈನಡುಕವನ್ನು ಮಾತ್ರ ತಡೆಯುತ್ತದೆ, ಎದುರಿನವರ ತಲೆಯ ಅಲುಗಾಟವನ್ನಲ್ಲ. ಮಾತಾಡುತ್ತ ಕೂತವರಿಗೆ 1/160 ಬೇಕೇಬೇಕು, ಮಕ್ಕಳಿಗೆ 1/320. ಆ ವೇಗದಲ್ಲಿ 56 ಮಿ.ಮೀ. ಕೈಯಲ್ಲಿ ಸುಮ್ಮನೆ ನಿಲ್ಲುತ್ತದೆ. ಸಿಗ್ಮಾ ಕೊಡುವ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಹೆಚ್ಚಿನ ಬೆಳಕೇ ಹೆಚ್ಚು ಉಪಯೋಗ. ವಿಡಿಯೊವನ್ನೂ ಕೈಯಲ್ಲೇ ಹಿಡಿದು ತೆಗೆಯುವವರಾದರೆ 50 ತಗೊಳ್ಳಿ, ಅನುಮಾನ ಬೇಡ.

ಕೊಳ್ಳುವ ಮೊದಲು ಬಾಡಿಗೆಗೆ ತಂದು ಅಥವಾ ಅಂಗಡಿಯಲ್ಲೇ ಮಾಡಬೇಕಾದ ಮೂರು ಪರೀಕ್ಷೆ ಇವೆ. ಮೂರನ್ನೂ ಪೂರ್ತಿ ತೆರೆದ ಅಪರ್ಚರಿನಲ್ಲೇ ಮಾಡಬೇಕು.

ಮೊದಲನೆಯದು ಗಾಜು ಓರೆಯಾಗಿ ಕೂತಿದೆಯೇ ಎಂದು. ಎದುರು ಕಟ್ಟಡದ ಒಂದು ಕಿಟಕಿಯ ಸರಳುಗಳನ್ನು ಫ್ರೇಮಿನ ಮೇಲಿನ ಎಡ ಮೂಲೆಗೆ ತಂದು, ಅಲ್ಲೇ ಫೋಕಸ್ ಮಾಡಿ ತೆಗೆಯಿರಿ. ಅದೇ ಕಿಟಕಿ, ಉಳಿದ ಮೂರು ಮೂಲೆ. ನಾಲ್ಕೂ ಮೂಲೆ ಸಮನಾಗಿ ಮೃದುವಾಗಿದ್ದರೆ ಅದು ಆ ಲೆನ್ಸಿನ ಗುಣ. ಒಂದು ಮೂಲೆ ಮಾತ್ರ ಕಲಸಿದಂತಿದ್ದರೆ ಆ ಪ್ರತಿ ಬೇಡ, ಬೇರೆ ಕೇಳಿ.

ಎರಡನೆಯದಕ್ಕೆ ಒಂದು ಕನ್ನಡ ದಿನಪತ್ರಿಕೆ ಸಾಕು. ಮೇಜಿನ ಮೇಲೆ 45 ಡಿಗ್ರಿ ವಾಲಿಸಿ ಇಟ್ಟು, ಒಂದು ಮೀಟರ್ ದೂರದಿಂದ ನಡುವಿನ ಸಾಲಿಗೆ ಫೋಕಸ್ ಮಾಡಿ. ಫೋಟೊವನ್ನು ನೂರು ಪ್ರತಿಶತಕ್ಕೆ ಹಿಗ್ಗಿಸಿದರೆ ಮುಂದಿನ ಸಾಲುಗಳ ಅಕ್ಷರದಂಚು ನೇರಳೆಗೆ, ಹಿಂದಿನವು ಹಸಿರಿಗೆ ತಿರುಗಿರುತ್ತವೆ. ದೊಡ್ಡ ಅಪರ್ಚರಿನ ಲೆನ್ಸುಗಳಲ್ಲಿ ಇದು ಸ್ವಲ್ಪವಾದರೂ ಇರುತ್ತದೆ. ಎಷ್ಟು ಎಂಬುದೇ ಪ್ರಶ್ನೆ. ಮದುವೆ ಫೋಟೊ ತೆಗೆಯುವವರಿಗೆ ಇದು ಸಣ್ಣ ವಿಷಯವಲ್ಲ. ಮುಖದ ಹಿಂದೆ ಸರಿದ ಜರಿ ಅಂಚು, ಜುಮಕಿಯ ಹೊಳಪು, ಬಿಳಿ ಪಂಚೆಯ ಮಡಿಕೆ, ಎಲ್ಲಕ್ಕೂ ಹಸಿರು ಗೆರೆ ಹತ್ತಿಕೊಳ್ಳುತ್ತದೆ. ಆ ಹಸಿರನ್ನು ಎಡಿಟಿಂಗ್‌ನಲ್ಲಿ ತೆಗೆಯಲು ಹೋದರೆ ಹಸಿರು ರೇಷ್ಮೆಯ ಬಣ್ಣವೂ ಜೊತೆಗೆ ಹೋಗುತ್ತದೆ. ಎಫ್/2.8ರ ಹೊತ್ತಿಗೆ ಬಹುಮಟ್ಟಿಗೆ ಕಡಿಮೆಯಾಗಬೇಕು. ಆಗದಿದ್ದರೆ ಆ ಲೆನ್ಸ್ ನನಗೆ ಬೇಡ.

ಮೂರನೆಯದು ಕಣ್ಣಿನ ಫೋಕಸ್. ಎಎಫ್-ಸಿ (ಫೋಕಸ್ ಬಿಡದೆ ಹಿಂಬಾಲಿಸುವ ವಿಧಾನ) ಇಟ್ಟು, ಎದುರಿನವರಿಗೆ ನಿಧಾನಕ್ಕೆ ಮುಂದೆ ಹಿಂದೆ ತೂಗಾಡಲು ಹೇಳಿ, ಸಾಲಾಗಿ ತೆಗೆದು ರೆಪ್ಪೆಗಳನ್ನು ನೋಡಿ. ತಪ್ಪುವ ಕಡೆ ಸಾಮಾನ್ಯವಾಗಿ ಒಂದೇ ಬಗೆ: ಕನ್ನಡಕದ ಅಂಚು, ಕಣ್ಣಿನ ಮೇಲೆ ಇಳಿಬಿದ್ದ ಕೂದಲು, ಬಾಸಿಂಗದಿಂದ ತೂಗುವ ಮುತ್ತುಗಳು. ಇವು ಲೆನ್ಸಿನ ದೋಷವಲ್ಲ. ಅಡ್ಡ ಏನೂ ಇಲ್ಲದೆಯೂ ಫೋಕಸ್ ಕಿವಿಗೆ ಹೋಗುತ್ತಿದ್ದರೆ ಮಾತ್ರ ಯೋಚಿಸಬೇಕು. ಮೊದಲು ಲೆನ್ಸಿನೊಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ಹಳೆಯದೇ ನೋಡಿ.

ಲೆನ್ಸ್ ಬಂದ ಮೇಲೆ ಎಫ್/1.4ನ್ನು ಎಲ್ಲಿ ಬಳಸಬಾರದು ಎಂಬುದನ್ನು ಮೊದಲೇ ತಿಳಿದಿಟ್ಟುಕೊಳ್ಳಬೇಕು. ತಲೆ, ಭುಜದ ದೂರದಲ್ಲಿ ಎಫ್/1.4ರಲ್ಲಿ ಸ್ಪಷ್ಟವಾಗಿರುವ ಆಳ ಬರೀ ಮೂರೂವರೆ ಸೆಂ.ಮೀ. ಎಫ್/2.8ರಲ್ಲಿ ಏಳು, ಎಫ್/4ರಲ್ಲಿ ಹತ್ತು. ನೇರ ನೋಡುವ ಮುಖದಲ್ಲಿ ಕಣ್ಣಿನಿಂದ ಜುಮಕಿಗೆ ಎಂಟೊಂಬತ್ತು ಸೆಂ.ಮೀ. ಹಿಂದಕ್ಕೆ. ಈ ಆಳ ಫೋಕಸ್ ಬಿಂದುವಿನ ಎರಡೂ ಕಡೆ ಹಂಚಿಹೋಗುವುದರಿಂದ ಎಫ್/4ರಲ್ಲೂ ಜುಮಕಿ ಪೂರ್ತಿ ಸಿಗುವುದಿಲ್ಲ. ಅಪರ್ಚರ್ ಮುಚ್ಚುವ ಬದಲು ಮುಕ್ಕಾಲು ಭಾಗ ಕಾಣುವಂತೆ ಮುಖವನ್ನೇ ಪಕ್ಕಕ್ಕೆ ತಿರುಗಿಸಿ. ಆಗ ಹತ್ತಿರದ ಕಣ್ಣು, ಅದೇ ಬದಿಯ ಕಿವಿ ಎರಡರ ನಡುವಿನ ಆಳ ಮೂರು ಸೆಂ.ಮೀ.ಗೆ ಇಳಿಯುತ್ತದೆ, ಎಫ್/2.8ರಲ್ಲೇ ಎರಡೂ ನಿಲ್ಲುತ್ತವೆ, ಹಿನ್ನೆಲೆಯ ಮಸುಕೂ ಉಳಿಯುತ್ತದೆ. ಗಂಡು ಹೆಣ್ಣು ಜೊತೆಯಾಗಿ ನಿಂತ ಅರ್ಧದೇಹದ ಚಿತ್ರಕ್ಕೆ ಎಫ್/4. ಎರಡು ಮೀಟರ್ ದೂರದಲ್ಲಿ ಅದು ಸುಮಾರು 20 ಸೆಂ.ಮೀ. ಆಳ ಕೊಡುತ್ತದೆ.

ಬಿಸಿಲಿನಲ್ಲಿ ಇನ್ನೊಂದು ತೊಡಕು. ನಡುಹಗಲ ನೇರ ಬಿಸಿಲಿಗೆ ಐಎಸ್‌ಒ 100, ಎಫ್/16, 1/100 ಎಂಬ ಹಳೆಯ ಸೂತ್ರ ಹಿಡಿದರೆ ಎಫ್/1.4ಕ್ಕೆ 1/13000 ಬೇಕು. ಎ6400ರಲ್ಲಿ 1/4000 ಕಡೆ, ಅಂದರೆ ಎಫ್/2.5ಕ್ಕಿಂತ ತೆರೆಯಲಾಗದು. ಲೆನ್ಸಿನ ಮೂತಿ 55 ಮಿ.ಮೀ.; ಅದಕ್ಕೆ ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಒಂದು ಎನ್‌ಡಿ8 ಫಿಲ್ಟರ್ ಹಾಕಿದರೆ 1/1600ಕ್ಕೆ ಇಳಿಯುತ್ತದೆ. ಫ್ಲಾಶನ್ನೂ ಸೇರಿಸುವುದಾದರೆ 1/160ರ ಸಿಂಕಿಗೆ ಎನ್‌ಡಿ8 ಸಾಲದು, ಎಫ್/4.5ರಲ್ಲೇ ನಿಲ್ಲುತ್ತೀರಿ, ಎನ್‌ಡಿ64 ಬೇಕು. ಇಷ್ಟೆಲ್ಲ ಬೇಡವೆಂದರೆ ಮರದ ನೆರಳಿಗೆ ಸರಿಯುವುದೇ ಜಾಣತನ.

ಷಟರ್ ಮೆನುವಿನಲ್ಲಿ ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ (ಷಟರಿನ ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡುವ ವ್ಯವಸ್ಥೆ) ಎಂಬುದು ಆನ್ ಆಗಿಯೇ ಬಂದಿರುತ್ತದೆ. ಅಪರ್ಚರ್ ದೊಡ್ಡದಾಗಿ ತೆರೆದು 1/2000 ದಾಟಿದರೆ ಹಿನ್ನೆಲೆಯ ಬಿಲ್ಲೆಗಳ ಒಂದು ಬದಿ ಕತ್ತರಿಸಿದಂತೆ ಬರುತ್ತದೆ. ಲೆನ್ಸ್ ಕೆಟ್ಟಿದೆಯೆಂದು ತಿಳಿಯುವ ಮೊದಲು ಅದನ್ನು ಆಫ್ ಮಾಡಿ ನೋಡಿ. ಛತ್ರದ ಎಲ್‌ಇಡಿ ಬೆಳಕಿನಲ್ಲಿ ಸೈಲೆಂಟ್ ಷಟರ್ ಬೇಡ, ಅಡ್ಡಪಟ್ಟೆ ಬೀಳುತ್ತವೆ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಅಲ್ಲಿ 1/100 ಸುರಕ್ಷಿತ, ವಿಡಿಯೊಗೆ 1/50.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ ನೋಡದೆ ಕೊಳ್ಳಬಾರದು. ಇಂಥ ಲೆನ್ಸಿನಲ್ಲಿ ಅಪರ್ಚರ್, ಫೋಕಸ್ ಎರಡೂ ವಿದ್ಯುತ್ ಇದ್ದರೆ ಮಾತ್ರ ಅಲುಗುತ್ತವೆ. ಎಫ್/16ಕ್ಕೆ ಇಟ್ಟು ಮುಂದಿನಿಂದ ನೋಡುತ್ತ ಷಟರ್ ಒತ್ತಿ, ಒಂಬತ್ತೂ ಎಲೆಗಳು ಸಮನಾಗಿ ಮುಚ್ಚುತ್ತವೆಯೇ ನೋಡಿ. ಆಮೇಲೆ ಲೆನ್ಸ್ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಒಳಗೆ ಇಣುಕಿ. ಬಿಡಿ ಧೂಳು ಲೆಕ್ಕಕ್ಕಿಲ್ಲ. ಅಂಚಿನಿಂದ ಒಳಕ್ಕೆ ಕವಲೊಡೆದ ದಾರದಂಥ ಗೆರೆ ಕಂಡರೆ ಅದು ಬೂಷ್ಟು, ಎಷ್ಟೇ ಅಗ್ಗವಾದರೂ ಬೇಡ. ಕರಾವಳಿ, ಮಲೆನಾಡಿನಲ್ಲಿ ಒಂದೆರಡು ಮಳೆಗಾಲ ಬ್ಯಾಗಿನಲ್ಲೇ ಕಳೆದ ಲೆನ್ಸಾದರೆ ಈ ಪರೀಕ್ಷೆಯನ್ನು ಎರಡು ಸಲ ಮಾಡಿ. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ಇರಲಿ.

ಸಿಗ್ಮಾದ ಇದೇ 56 ಈಗ ಫ್ಯೂಜಿಯ ಎಕ್ಸ್, ನಿಕಾನಿನ ಝಡ್, ಕ್ಯಾನನ್ ಆರ್‌ಎಫ್ ಮೌಂಟುಗಳಿಗೂ ಇದೆ. ಕ್ಯಾನನ್ನಿನ ಎಪಿಎಸ್-ಸಿ ಸೆನ್ಸರ್ ಸ್ವಲ್ಪ ಚಿಕ್ಕದಾದ್ದರಿಂದ ಮೇಲೆ ಕೊಟ್ಟ ದೂರಗಳಿಗೆ ಸುಮಾರು ಶೇ. 5 ಸೇರಿಸಿಕೊಳ್ಳಿ. ಮೈಕ್ರೋ ಫೋರ್ ಥರ್ಡ್ಸ್ (ಇನ್ನೂ ಚಿಕ್ಕ ಸೆನ್ಸರಿನ) ಬಾಡಿ ಇದ್ದವರಿಗೆ ಒಲಿಂಪಸ್ 45 ಮಿ.ಮೀ. ಎಫ್/1.8 ಬರೀ 116 ಗ್ರಾಂ, ಆದರೆ ಕಿಂಡಿ 25 ಮಿ.ಮೀ. ಮಾತ್ರ; ಹಿನ್ನೆಲೆಯನ್ನು ಇನ್ನೂ ದೂರ ಇಡಬೇಕಾಗುತ್ತದೆ. ಫುಲ್‌ಫ್ರೇಮ್ ಬಾಡಿಯಲ್ಲಿ ಮಾತ್ರ ಸೋನಿಯ 85 ಎಫ್/1.8 ತನ್ನ ಜಾಗಕ್ಕೆ ಬರುತ್ತದೆ: ಅಲ್ಲಿ ಎರಡು ಮೀಟರಿಗೇ ಅರ್ಧದೇಹದ ಫ್ರೇಮ್ ಸಿಗುತ್ತದೆ, 47 ಮಿ.ಮೀ. ಕಿಂಡಿ, ತೂಕ 371 ಗ್ರಾಂ. ಸಿಗ್ಮಾದ 85 ಎಫ್/1.4 ಡಿಜಿ ಡಿಎನ್ ಕಿಂಡಿಯನ್ನು 60 ಮಿ.ಮೀ.ಗೆ ಒಯ್ಯುತ್ತದೆ, ಜೊತೆಗೆ ತೂಕವನ್ನು ಸುಮಾರು 630 ಗ್ರಾಂಗೆ, ಫಿಲ್ಟರಿನ ಅಳತೆಯನ್ನು 67ರಿಂದ 77ಕ್ಕೆ. ಇಡೀ ದಿನದ ಮದುವೆಗೆ ಕುತ್ತಿಗೆಗೆ ನೇತುಹಾಕಿಕೊಳ್ಳಲು ನಾನಾದರೆ ಎಫ್/1.8ನ್ನೇ ಆರಿಸುತ್ತೇನೆ.