ಎರಡು ಪದರದ ಉಳಿಕೆ ದ್ರವವನ್ನು ಡ್ರಮ್ಮಿಗೆ ತುಂಬುವ ಮುನ್ನ

ಟೊಲ್ಯೂಯಿನ್ ಎಂಬ ಉರಿಯುವ ದ್ರಾವಕ ಮತ್ತು ಅಸಿಟಿಕ್ ಆಮ್ಲದ ನೀರು ಒಂದೇ ಟ್ಯಾಂಕಿನಲ್ಲಿ ನಿಂತರೆ ಟೊಲ್ಯೂಯಿನ್ ಮೇಲೆ ತೇಲುತ್ತದೆ. ತಳದ ವಾಲ್ವಿನಿಂದ ಸ್ಯಾಂಪಲ್ ಹಿಡಿದರೆ ಬರುವುದು ಬರೀ ನೀರು. ವರದಿ, ಲೇಬಲ್, ಕಾಗದಪತ್ರ ಎಲ್ಲವೂ ಅಲ್ಲಿಂದಲೇ ತಪ್ಪುತ್ತವೆ. ನಾನು ಎರಡೂ ತುದಿ ತೆರೆದ ಗಾಜಿನ ಕೊಳವೆಯನ್ನು ನಿಧಾನವಾಗಿ ತಳದವರೆಗೆ ಇಳಿಸಿ, ಮೇಲಿನ ತುದಿ ಮುಚ್ಚಿ ಎತ್ತುತ್ತೇನೆ. ಪದರಗಳ ನಡುವಿನ ಗೆರೆ ಕೊಳವೆಯಲ್ಲೇ ಕಾಣುತ್ತದೆ. ಎರಡನ್ನೂ ಬೇರೆ ಬೇರೆ ಪರೀಕ್ಷೆಗೆ ಕೊಡುತ್ತೇನೆ.

ಟೊಲ್ಯೂಯಿನ್ ಫ್ಲ್ಯಾಶ್ ಪಾಯಿಂಟ್, ಅಂದರೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣಾಂಶ, ಮುಚ್ಚಿದ ಕಪ್ಪಿನ ಪರೀಕ್ಷೆಯಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್. ಅದು 23ಕ್ಕಿಂತ ಕಡಿಮೆ, ಕುದಿಬಿಂದು 35ಕ್ಕಿಂತ ಹೆಚ್ಚು. ಹಾಗಾಗಿ ಅಪಾಯಕಾರಿ ಸರಕಿನ ಸಾಗಣೆ ನಿಯಮದಲ್ಲಿ ಅದು 3ನೇ ವರ್ಗ (ಉರಿಯುವ ದ್ರವ), ಪ್ಯಾಕಿಂಗ್ ಗುಂಪು 2 (ಅಪಾಯದ ಮಟ್ಟ: 1 ಅತಿ ಹೆಚ್ಚು, 3 ಕಡಿಮೆ). ಎರಡು ಪದರವನ್ನೂ ಒಟ್ಟಿಗೆ ಕಳಿಸಲು ಯುಎನ್ 2924 ಎಂಬ ಸರಕು ಸಂಖ್ಯೆ (ಉರಿಯುವ, ಲೋಹ-ಚರ್ಮ ತಿನ್ನುವ ದ್ರವ) ಇದೆ, ಆದರೆ ಅದಕ್ಕೆ ಒಗ್ಗುವ ಸಾದಾ ಡ್ರಮ್ ಇಲ್ಲ. ಆಮ್ಲ ಉಕ್ಕನ್ನು ತಿನ್ನುತ್ತದೆ, ಟೊಲ್ಯೂಯಿನ್ ಪಾಲಿಥಿನ್ ಗೋಡೆಯನ್ನು ಮೆತ್ತಗಾಗಿಸಿ ಹೊರಗೆ ಜಿನುಗುತ್ತದೆ. ಆದ್ದರಿಂದ ಬೇರ್ಪಡಿಸಿಯೇ ತುಂಬುತ್ತೇನೆ: ಟೊಲ್ಯೂಯಿನ್ 1ಎ1 ಗುರುತಿನ ಉಕ್ಕಿನ ಡ್ರಮ್ಮಿಗೆ, ಆಮ್ಲದ ನೀರು 1ಎಚ್1 ಗುರುತಿನ ಪ್ಲಾಸ್ಟಿಕ್ ಡ್ರಮ್ಮಿಗೆ. ಬೇರ್ಪಡಿಸುವಾಗ ಗೆರೆಯ ಹತ್ತಿರದ ಮಿಶ್ರಣವನ್ನು ನೀರಿನ ಕಡೆಗೇ ಬಿಡಬೇಕು. ಉಕ್ಕಿನ ಡ್ರಮ್ಮಿಗೆ ಒಂದಿಷ್ಟು ಆಮ್ಲದ ನೀರು ಹೋದರೂ ತಳದ ಅಂಚಿನಲ್ಲಿ ಕೂತು ಅಲ್ಲಿಂದಲೇ ತೂತು ಕೊರೆಯುತ್ತದೆ.

ನೀರಿನಲ್ಲಿ ಆಮ್ಲ ತೂಕದ ಲೆಕ್ಕದಲ್ಲಿ ಶೇ. 10ಕ್ಕಿಂತ ಹೆಚ್ಚು, 50ಕ್ಕಿಂತ ಕಡಿಮೆ ಇದ್ದರೆ ಯುಎನ್ 2790, ಗುಂಪು 3. ಆದರೆ ಇದರ ಫ್ಲ್ಯಾಶ್ ಪಾಯಿಂಟನ್ನೂ ನೋಡಲೇಬೇಕು. ಕರಗಿದ ಅಥವಾ ತೇಲಿಬಂದ ಅಲ್ಪ ಟೊಲ್ಯೂಯಿನ್ ಅದನ್ನು 60 ಡಿಗ್ರಿಯ ಒಳಗೆ ಇಳಿಸಿದರೆ ಆ ಸಂಖ್ಯೆ ನಡೆಯದು.

ಡ್ರಮ್ಮಿನ ಗುರುತು ‘1ಎ1/ವೈ1.4/150’ ಎಂದಿದ್ದರೆ, ವೈ ಗುಂಪು 2 ಮತ್ತು 3ಕ್ಕೆ, 1.4 ಸಾಪೇಕ್ಷ ಸಾಂದ್ರತೆಯ ಮಿತಿ, 150 ಕಿಲೋಪಾಸ್ಕಲ್ ಪರೀಕ್ಷಾ ಒತ್ತಡ. ಝಡ್ ಗುಂಪು 3ಕ್ಕೆ ಮಾತ್ರ, ಹಾಗಾಗಿ ಆ ಗುರುತಿನದು ಟೊಲ್ಯೂಯಿನಿಗೆ ಬೇಡ. ಪ್ಲಾಸ್ಟಿಕ್ ಡ್ರಮ್ಮಿನ ಬಳಕೆ ತಯಾರಿಯಿಂದ 5 ವರ್ಷ.

ತುಂಬುವುದು ತಕ್ಕಡಿಯ ಮೇಲೆ, ವಿದ್ಯುತ್ತನ್ನು ನೆಲಕ್ಕೆ ಹರಿಸುವ ಅರ್ತಿಂಗ್ ಕ್ಲ್ಯಾಂಪ್ ಹಾಕಿ, ಪೈಪನ್ನು ತಳಕ್ಕಿಳಿಸಿ. ಮೇಲಿಂದ ಸುರಿದರೆ ಸ್ಥಿರ ವಿದ್ಯುತ್ ಕೂಡುತ್ತದೆ. 20 ಡಿಗ್ರಿಯಲ್ಲಿ 200 ಲೀಟರ್ ಟೊಲ್ಯೂಯಿನ್ ಸುಮಾರು 173 ಕಿಲೋ, 55 ಡಿಗ್ರಿಯಲ್ಲಿ ಅದೇ ಸುಮಾರು 208 ಲೀಟರ್. ಆ ಬಿಸಿಯಲ್ಲೂ ಡ್ರಮ್ ಪೂರ್ತಿ ತುಂಬಿರಬಾರದು. ಬಂಗ್ (ಡ್ರಮ್ಮಿನ ತಿರುಪು ಮುಚ್ಚಳ) ಮುಚ್ಚುವುದು ಬಿಗಿಯನ್ನು ಅಳೆಯುವ ಟಾರ್ಕ್ ವ್ರೆಂಚಿನಲ್ಲಿ, ತಯಾರಕರು ಹೇಳಿದ ಬಿಗಿಗೆ. ಪ್ಲಾಸ್ಟಿಕ್ ಬಂಗನ್ನು ಮಾರನೇ ದಿನ ಮತ್ತೆ ನೋಡುತ್ತೇನೆ, ಗ್ಯಾಸ್ಕೆಟ್ ಕೂತು ಸಡಿಲವಾಗಿರುತ್ತದೆ.

ವಿಲೇವಾರಿಗೆ ಹೋಗುವುದಾದರೆ ಕಾಗದದಲ್ಲಿ ಸರಕಿನ ಹೆಸರಿಗೆ ಮೊದಲು ‘ವೇಸ್ಟ್’ ಸೇರಬೇಕು. ಪ್ಯಾಲೆಟ್ಟಿಗೆ ಫಿಲ್ಮ್ ಸುತ್ತಿದ ಮೇಲೆ ಲೇಬಲ್ ಕಾಣದಿದ್ದರೆ ಹೊರಗೆ ಮತ್ತೆ ಅಂಟಿಸಿ, ‘ಓವರ್‌ಪ್ಯಾಕ್’ (ಹಲವು ಡ್ರಮ್ಮುಗಳ ಒಟ್ಟು ಕಟ್ಟು) ಎಂದು ಗುರುತು ಹಾಕುತ್ತೇನೆ.