ಮೈಯಲ್ಲಿ ನೀರು ಸಾಕಷ್ಟಿದೆಯಾ? ಮನೆಯಲ್ಲೇ ನೋಡಿಕೊಳ್ಳಿ

ದಿನಕ್ಕೆ 8 ಲೋಟ ನೀರು ಕುಡಿಯಲೇಬೇಕು ಅಂತ ಎಣಿಸುತ್ತಾ ಕೂರುವವರು ತುಂಬಾ ಜನ ಇದ್ದಾರೆ. ಒಬ್ಬರು ಬಿಸಿಲಲ್ಲಿ ದುಡಿಯುತ್ತಾರೆ, ಇನ್ನೊಬ್ಬರು ಇಡೀ ದಿನ ಫ್ಯಾನಿನ ಕೆಳಗೆ ಕೂತಿರುತ್ತಾರೆ. ಇಬ್ಬರಿಗೂ ಒಂದೇ ಲೆಕ್ಕ ಹೇಗೆ ಸರಿಯಾಗುತ್ತದೆ? ಊಟದಿಂದಲೂ ನೀರು ಸೇರುತ್ತದೆ. ಹಾಗಾಗಿ ಲೋಟ ಎಣಿಸುವುದನ್ನು ಬಿಡಿ. ಮೂತ್ರ, ತೂಕ, ಬಾಯಾರಿಕೆ ಈ ಮೂರನ್ನೂ ಬೆಳಗ್ಗೆ ಒಟ್ಟಿಗೆ ನೋಡಿ.

ಮೊದಲು ಮೂತ್ರದ ಬಣ್ಣ. ತಿಳಿ ಹಳದಿ ಇದ್ದರೆ ಚಿಂತೆಯಿಲ್ಲ. ಗಾಢ ಹಳದಿ ಅಥವಾ ಕಂದು ಕಡೆಗೆ ತಿರುಗಿದ್ದರೆ ನೀರು ಸಾಲುತ್ತಿಲ್ಲ ಅಂತ ಅನುಮಾನ ಪಡಬೇಕು. ಕಮೋಡಿನ ನೀರಿಗೆ ಬೆರೆತ ಮೇಲೆ ನೋಡಿದರೆ ಬಣ್ಣ ತಿಳಿಯಾಗಿ ಕಾಣುತ್ತದೆ, ಆದ್ದರಿಂದ ಬೀಳುವಾಗಲೇ ಗಮನಿಸಿ. ರಾತ್ರಿಯಿಡೀ ನೀರು ಕುಡಿಯದೆ ಮಲಗಿರುತ್ತೇವಲ್ವಾ, ಬೆಳಗಿನ ಮೊದಲ ಮೂತ್ರ ಸ್ವಲ್ಪ ಗಾಢವಾಗಿರುವುದು ಸಹಜ. ದಿನವೂ ಇರುವುದಕ್ಕಿಂತ ಗಾಢವಾಗಿದೆಯಾ, ಹಗಲಲ್ಲೂ ಹಾಗೇ ಉಳಿಯುತ್ತದೆಯಾ ಅನ್ನುವುದು ಮುಖ್ಯ. ಬಿ ವಿಟಮಿನ್ ಮಾತ್ರೆ ತೆಗೆದುಕೊಂಡವರಿಗೆ ಕಣ್ಣು ಕುಕ್ಕುವ ಹಳದಿ ಬರುತ್ತದೆ, ಬೀಟ್‌ರೂಟ್ ತಿಂದರೆ ಕೆಲವರಿಗೆ ಕೆಂಪು ಬರುತ್ತದೆ, ಕೆಲವು ಔಷಧಿಗಳಿಂದ ಕಿತ್ತಳೆ ಬಣ್ಣವೂ ಬರಬಹುದು. ಆ ದಿನಗಳಲ್ಲಿ ಬಣ್ಣವನ್ನು ನಂಬಬೇಡಿ.

ಆಮೇಲೆ ತೂಕ. ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು, ತೆಳು ಬಟ್ಟೆಯಲ್ಲಿ ತೂಕ ನೋಡಿ. ಕೆಲವು ದಿನ ನೋಡಿದರೆ ನಿಮ್ಮ ಮಾಮೂಲಿ ತೂಕ ಎಷ್ಟು ಅಂತ ಗೊತ್ತಾಗುತ್ತದೆ. ಒಂದು ಬೆಳಗ್ಗೆ ಅದಕ್ಕಿಂತ ಶೇ 1ರಷ್ಟು, ಅಂದರೆ 60 ಕೆ.ಜಿ. ಇರುವವರಿಗೆ ಸುಮಾರು 600 ಗ್ರಾಂ, ಇಳಿದಿದ್ದರೆ ಅದರಲ್ಲಿ ಹೆಚ್ಚಿನ ಪಾಲು ನೀರೇ ಇರಬಹುದು. ಒಂದೇ ರಾತ್ರಿಯಲ್ಲಿ ಅಷ್ಟು ಕೊಬ್ಬು ಕರಗುವುದಿಲ್ಲ. ವ್ಯಾಯಾಮ ಮಾಡುವವರು ಮೊದಲು ಮತ್ತು ನಂತರ ತೂಕ ನೋಡಿದರೆ ಬೆವರಿನ ಲೆಕ್ಕವೂ ಸಿಗುತ್ತದೆ: 1 ಕೆ.ಜಿ. ಇಳಿದರೆ ಹತ್ತಿರ ಹತ್ತಿರ 1 ಲೀಟರ್ ನೀರು ಹೋಗಿದೆ ಅಂತ.

ಮೂರನೆಯದು ಬಾಯಾರಿಕೆ. ಎದ್ದ ಕೂಡಲೇ ಜೋರಾಗಿ ದಾಹ ಆಗುತ್ತಿದೆಯಾ?

ಒಂದೇ ಗುರುತು ಕಂಡರೆ ಗಾಬರಿ ಬೇಡ. ಎರಡು ಸೇರಿದರೆ ನೀರು ಕಡಿಮೆಯಾಗಿರಬಹುದು, ಮೂರೂ ಸೇರಿದರೆ ಬಹುತೇಕ ಖಚಿತ. ಆಗಲೂ ಒಂದೇ ಸಲ ಗಟಗಟ ಕುಡಿಯಬೇಡಿ, ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಾ ಹೋಗಿ. ಕೆಲವೇ ಗಂಟೆಗಳಲ್ಲಿ ವಿಪರೀತ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯ ಆಗಬಹುದು. ದಿನವಿಡೀ ಮೂತ್ರ ಬಣ್ಣವೇ ಇಲ್ಲದಂತೆ ಇರಬೇಕು ಅಂತಲೂ ಏನಿಲ್ಲ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ವೈದ್ಯರು ಹೇಳಿದ ಅಳತೆ ಮೀರಬಾರದು.

ಕೈ ಮೇಲಿನ ಚರ್ಮ ಚಿವುಟಿ ಬಿಟ್ಟು, ಅದು ನಿಧಾನವಾಗಿ ಕೆಳಗಿಳಿದರೆ ನೀರು ಕಡಿಮೆಯಾಗಿದೆ ಅಂತ ಲೆಕ್ಕ ಹಾಕುವ ಅಭ್ಯಾಸ ಹಲವರಿಗಿದೆ. ವಯಸ್ಸಾದವರಲ್ಲಿ ಅದನ್ನು ಸುಮ್ನೆ ನಂಬಬೇಡಿ, ಅವರ ಚರ್ಮ ನೀರು ಸಾಕಷ್ಟಿದ್ದರೂ ನಿಧಾನವಾಗಿಯೇ ಕೆಳಗಿಳಿಯುತ್ತದೆ. ನನಗೆ ಜಾಸ್ತಿ ಕಾಳಜಿ ಇರುವುದೂ ಅವರ ಬಗ್ಗೆಯೇ. ವಯಸ್ಸಾಗುತ್ತಾ ದಾಹ ಕುಗ್ಗುತ್ತದೆ, ರಾತ್ರಿ ಏಳಬೇಕಾಗುತ್ತದೆ ಅಂತ ಎಷ್ಟೋ ಜನ ಬೇಕೆಂದೇ ಕಡಿಮೆ ಕುಡಿಯುತ್ತಾರೆ. ಅವರು ಕೇಳಲಿ ಅಂತ ಕಾಯದೆ ಲೋಟ ಕೈಗೆ ಕೊಡಿ. ಎದ್ದು ನಿಂತಾಗ ತಲೆ ಸುತ್ತುತ್ತದೆಯಾ, ಮೂತ್ರಕ್ಕೆ ಹೋಗುವುದು ಕಡಿಮೆಯಾಗಿದೆಯಾ ಅಂತ ವಿಚಾರಿಸಿ.

ಎಷ್ಟು ಕುಡಿದರೂ ದಾಹ ತೀರದೆ, ಪದೇ ಪದೇ ಮೂತ್ರ ಬರುತ್ತಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ವಾಂತಿ ಭೇದಿ ಆದಾಗ ಬರೀ ನೀರು ಸಾಲದು, ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಕುಡಿಸಿ. ಮಾತು ತೊದಲುವುದು, ಗೊಂದಲ, ಎದೆ ಬಡಿತ ಜೋರಾಗುವುದು, ಹಲವು ಗಂಟೆ ಮೂತ್ರವೇ ಬಾರದಿರುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಯಲ್ಲಿ ಪರೀಕ್ಷೆ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.