ಲಾಂಛನ ಹೊತ್ತು ಬರುವ ತುಣುಕುಗಳು: ಚುನಾವಣಾ ಕಣ್ಗಾವಲಿನಲ್ಲಿ ನನ್ನ ಅನುಭವ

ಪತ್ರಿಕೋದ್ಯಮದ ಅಧ್ಯಾಪಕನಾದ ನಾನು 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಜಿಲ್ಲೆಯ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿಯ ಕೆಲಸಕ್ಕೆ ನಿಯೋಜಿತನಾಗಿದ್ದೆ. ಕಚೇರಿಗಳಲ್ಲಿ ಎಲ್ಲರೂ ಅದನ್ನು ಎಂಸಿಎಂಸಿ ಎಂದೇ ಕರೆಯುತ್ತಾರೆ. ಮಾರ್ಚ್ 29ರಂದು ಮಾದರಿ ನೀತಿ ಸಂಹಿತೆ ಜಾರಿಯಾದಂದಿನಿಂದ ಮೇ 10ರ ಮತದಾನ ಮುಗಿಯುವವರೆಗೆ ಸುದ್ದಿ ವಾಹಿನಿಗಳು, ಸ್ಥಳೀಯ ಕೇಬಲ್ ಚಾನೆಲ್‌ಗಳು, ಪತ್ರಿಕೆಗಳು ಹಾಗೂ ಅಭ್ಯರ್ಥಿಗಳ ಫೇಸ್‌ಬುಕ್ ಪುಟಗಳನ್ನು ಪಾಳಿಯ ಮೇಲೆ ನೋಡಿ ದಾಖಲಿಸುವುದು ನಮ್ಮ ತಂಡದ ಹೊಣೆಯಾಗಿತ್ತು. ಮತದಾರನ ಮನಸ್ಸಿನಲ್ಲಿ ಟಿವಿ ಮತ್ತು ಮೊಬೈಲ್ ಎರಡು ಬೇರೆ ಮಾಧ್ಯಮಗಳಾಗಿ ಉಳಿದಿಲ್ಲ ಎಂಬುದು ನನಗೆ ಸ್ಪಷ್ಟವಾದದ್ದು ಈ ಕೆಲಸದಲ್ಲಿಯೇ.

ಜಾಹೀರಾತುಗಳ ಪರಿಶೀಲನೆ ಇದರಲ್ಲಿ ಸುಲಭದ ಭಾಗ. ಟಿವಿಯಲ್ಲಿ ಬರುವ ರಾಜಕೀಯ ಜಾಹೀರಾತಿಗೆ ಮುಂಚಿತವಾಗಿ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ 2004ರ ಸುಪ್ರೀಂ ಕೋರ್ಟ್ ಆದೇಶದಿಂದ ಬಂದದ್ದು. 2013ರಲ್ಲಿ ಚುನಾವಣಾ ಆಯೋಗ ಅದನ್ನು ಸಾಮಾಜಿಕ ಜಾಲತಾಣಗಳ ಜಾಹೀರಾತುಗಳಿಗೂ ಅನ್ವಯಿಸಿತು. ನೋಂದಾಯಿತ ಪಕ್ಷದವರು ಪ್ರಸಾರಕ್ಕೆ ಮೂರು ದಿನ ಮೊದಲೇ ಅರ್ಜಿ ಕೊಡಬೇಕು. ಜೊತೆಗೆ ದೃಶ್ಯದ ಪ್ರತಿ, ದೃಢೀಕರಿಸಿದ ಲಿಖಿತ ಪಠ್ಯ ಮತ್ತು ಖರ್ಚಿನ ವಿವರ ಇರಬೇಕು. ಕಡತ ಬರುತ್ತದೆ, ನೋಡುತ್ತೇವೆ, ಆಕ್ಷೇಪಾರ್ಹ ಮಾತಿದ್ದರೆ ತೆಗೆಸುತ್ತೇವೆ, ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ.

ಕಾಸಿಗಾಗಿ ಸುದ್ದಿಯನ್ನು, ಅಂದರೆ ಹಣ ಪಡೆದು ಸುದ್ದಿಯ ರೂಪದಲ್ಲಿ ಮಾಡುವ ಪ್ರಚಾರವನ್ನು, ಹಿಡಿಯುವುದು ಅದಕ್ಕಿಂತ ಕಷ್ಟ, ಏಕೆಂದರೆ ಅದಕ್ಕೆ ರಸೀದಿ ಇರುವುದಿಲ್ಲ. ಒಂದೇ ಬರಹ ಬೇರೆ ಬೇರೆ ವರದಿಗಾರರ ಹೆಸರಿನಲ್ಲಿ ಎರಡು ಪತ್ರಿಕೆಗಳಲ್ಲಿ ಬಂದಿದೆಯೇ, ಒಂದೇ ಪುಟದಲ್ಲಿ ಇಬ್ಬರು ಎದುರಾಳಿಗಳೂ ಗೆಲ್ಲುವುದು ಖಚಿತವೆಂದು ಬರೆಯಲಾಗಿದೆಯೇ, ಒಬ್ಬರ ಪಾದಯಾತ್ರೆಗೆ ಸಿಗುತ್ತಿರುವ ಪ್ರಸಾರದ ಅವಧಿ ಉಳಿದವರ ಪಾಲಿಗೆ ಹೋಲಿಸಿದರೆ ಸಹಜವೆನಿಸುತ್ತದೆಯೇ ಎಂದು ದಿನದಿನವೂ ಪಟ್ಟಿ ಮಾಡುತ್ತಾ ಹೋದರೆ ಮಾತ್ರ ಅನುಮಾನಕ್ಕೆ ಆಧಾರ ಸಿಗುತ್ತದೆ. ಅಂಥ ಸುದ್ದಿ ಪ್ರಕಟವಾದ 96 ಗಂಟೆಗಳೊಳಗೆ ಚುನಾವಣಾಧಿಕಾರಿಯಿಂದ ಅಭ್ಯರ್ಥಿಗೆ ನೋಟಿಸ್ ಹೋಗಬೇಕು, ಅವರು 48 ಗಂಟೆಗಳಲ್ಲಿ ಉತ್ತರಿಸಬೇಕು. ಕಾಸಿಗಾಗಿ ಸುದ್ದಿಯೆಂದು ತೀರ್ಮಾನವಾದರೆ ಅಂದಾಜು ವೆಚ್ಚವು ಅಭ್ಯರ್ಥಿಯ 40 ಲಕ್ಷ ರೂಪಾಯಿಯ ಮಿತಿಯೊಳಗಿನ ಚುನಾವಣಾ ಖರ್ಚಿಗೆ ಸೇರುತ್ತದೆ. ನಮ್ಮ ನೋಂದಣಿ ಪುಸ್ತಕದಲ್ಲಿ ವಾಹಿನಿ, ಸಮಯ, ಅವಧಿ, ಯಾರ ಪರ ಎಂಬ ಅಂಕಣಗಳಷ್ಟೇ ಇದ್ದವು. ನಾನು 'ಎದುರಾಳಿಗೆ ದೊರೆತ ಅವಧಿ' ಎಂಬ ಅಂಕಣವನ್ನೂ ಸೇರಿಸಿದೆ. ಅದಿಲ್ಲದೆ ಹೋಲಿಕೆಯೇ ಸಾಧ್ಯವಿಲ್ಲ.

ಇಷ್ಟೆಲ್ಲ ಮಾಡಿದರೂ ಜನರ ಮಾತು ನಾವು ನೋಡುತ್ತಿದ್ದ ಪರದೆಗಳಿಂದ ಹುಟ್ಟುತ್ತಿರಲಿಲ್ಲ. ತಾಲ್ಲೂಕುಗಳಿಗೆ ಹೋದಾಗ ಯಾವುದಾದರೂ ಆರೋಪದ ಬಗ್ಗೆ "ಇದನ್ನು ಎಲ್ಲಿ ನೋಡಿದಿರಿ?" ಎಂದು ಕೇಳಿದರೆ, "ಟಿವೀಲೇ ಬಂದಿತ್ತಲ್ಲ ಸಾರ್" ಎಂಬ ಉತ್ತರ ಬರುತ್ತಿತ್ತು. ತೋರಿಸಿ ಎಂದರೆ ವಾಟ್ಸ್‌ಆ್ಯಪ್ ತೆರೆಯುತ್ತಿದ್ದರು. ಅದರಲ್ಲಿ ಅರ್ಧ ನಿಮಿಷದ ತುಣುಕು, ಮೂಲೆಯಲ್ಲಿ ಒಂದು ವಾಹಿನಿಯ ಲಾಂಛನ. ಭಾಷಣದ ಹಿಂದುಮುಂದಿನ ವಾಕ್ಯಗಳನ್ನು ಕತ್ತರಿಸಿದ್ದರೂ, ಕೆಲವೊಮ್ಮೆ ತುಣುಕು ಬೇರೆ ವರ್ಷದ್ದೇ ಆಗಿದ್ದರೂ, ಲಾಂಛನವಿದ್ದುದರಿಂದ ಅದು ಸುದ್ದಿಯಾಗಿತ್ತು. ಕಳುಹಿಸಿದವರು ಸೋದರಮಾವನೋ ಸಂಘದ ಅಧ್ಯಕ್ಷರೋ ಆಗಿದ್ದುದರಿಂದ ಅದು ನಂಬಿಕೆಗೆ ಅರ್ಹವೂ ಆಗಿತ್ತು. ಟಿವಿ ಅಧಿಕೃತತೆಯ ಮುದ್ರೆಯನ್ನು ಒದಗಿಸುತ್ತದೆ, ಮೊಬೈಲ್ ಅದಕ್ಕೆ ಬಂಧುತ್ವವನ್ನು ಸೇರಿಸುತ್ತದೆ. ಈ ಎರಡೂ ಕೂಡಿದ ಬಲ ಯಾವ ಪ್ರಮಾಣೀಕೃತ ಜಾಹೀರಾತಿಗೂ ಇಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಇಂಥ ತುಣುಕಿನ ಮೂಲವನ್ನು ಹುಡುಕಲು ನಾನು ಅನುಸರಿಸಿದ ಕ್ರಮ ಸರಳವಾದದ್ದು, ಆದರೆ ತಾಳ್ಮೆ ಬೇಡುವಂಥದ್ದು. ಮೊದಲು ಧ್ವನಿಯನ್ನು ಮುಚ್ಚಿ ದೃಶ್ಯವನ್ನಷ್ಟೇ ನೋಡುತ್ತಿದ್ದೆ. ವೇದಿಕೆಯ ಹಿಂದಿನ ಫ್ಲೆಕ್ಸ್‌ನಲ್ಲಿ ಊರು, ದಿನಾಂಕ, ಕಾರ್ಯಕ್ರಮದ ಹೆಸರು ಅರ್ಧವಾದರೂ ಕಾಣುತ್ತವೆ. ಪಕ್ಕದಲ್ಲಿ ಕುಳಿತ ನಾಯಕರು ಆಗ ಯಾವ ಪಕ್ಷದಲ್ಲಿದ್ದರು ಎಂಬುದರಿಂದಲೇ ವರ್ಷ ತಿಳಿದುಬಿಡುವುದೂ ಉಂಟು. ಬಳಿಕ ಆ ಸುಳಿವುಗಳನ್ನು ಹಿಡಿದು ಯೂಟ್ಯೂಬ್‌ನಲ್ಲಿ ಪೂರ್ಣ ಭಾಷಣವನ್ನು ಹುಡುಕಿ, ತುಣುಕು ಎಲ್ಲಿ ಶುರುವಾಗಿ ಎಲ್ಲಿ ಕಡಿದಿದೆ ಎಂಬುದನ್ನು ನಿಮಿಷ, ಸೆಕೆಂಡು ಸಹಿತ ಬರೆದುಕೊಳ್ಳುತ್ತಿದ್ದೆ. ತುಣುಕಿನ ಕೊನೆಯಲ್ಲಿ ಮಾತು ಥಟ್ಟನೆ ನಿಂತಿದ್ದರೆ, ಮುಂದಿನ ವಾಕ್ಯದಲ್ಲಿ "ಎಂದು ಅವರು ಹೇಳುತ್ತಾರೆ" ಎಂಬಂಥ ಮಾತು ಸಿಗುವುದು ಅಪರೂಪವಾಗಿರಲಿಲ್ಲ. ಅಂದರೆ ಎದುರಾಳಿಯ ಮಾತನ್ನು ಉದ್ಧರಿಸಿ ಖಂಡಿಸಿದವರನ್ನೇ ಆ ಮಾತಿನ ಒಡೆಯರನ್ನಾಗಿ ಮಾಡಿರುತ್ತಿದ್ದರು.

ಕ್ರಮ ಕೈಗೊಳ್ಳುವಲ್ಲಿ ಮಾತ್ರ ದಾರಿ ಕಿರಿದಾಗಿತ್ತು. ನೀತಿ ಸಂಹಿತೆಯ ಉಲ್ಲಂಘನೆಯನ್ನು ನಾಗರಿಕರು ವರದಿ ಮಾಡಲು ಇರುವ ಆಯೋಗದ ಸಿ-ವಿಜಿಲ್ ಆ್ಯಪ್‌ಗೆ ಬಂದ ದೂರನ್ನು 100 ನಿಮಿಷಗಳಲ್ಲಿ ಇತ್ಯರ್ಥಪಡಿಸಬೇಕೆಂಬ ನಿಯಮ ನಿಜಕ್ಕೂ ಒಳ್ಳೆಯದು. ಆದರೆ ಅದು ಸ್ಥಳದಲ್ಲಿಯೇ ತೆಗೆದ ಚಿತ್ರ, ವಿಡಿಯೊಗಳಿಗೆ ಮಾತ್ರ, ಫೋನಿನಲ್ಲಿ ಮೊದಲೇ ಇದ್ದ ತುಣುಕನ್ನು ಅದಕ್ಕೆ ಸೇರಿಸಲಾಗದು. ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗೆ, 2020ರಲ್ಲಿ ಬಹಳ ಸಲ ಹರಿದಾಡಿದ ಸಂದೇಶವನ್ನು ಒಂದೇ ಚಾಟ್‌ಗೆ ಮಿತಿಗೊಳಿಸಿತು. ಆದರೆ ತುಣುಕನ್ನು ಫೋನಿಗೆ ಇಳಿಸಿಕೊಂಡು ಹೊಸದಾಗಿ ಕಳುಹಿಸಿದರೆ ಬಹಳ ಸಲ ಹರಿದಾಡಿದ್ದೆಂದು ತೋರಿಸುವ ಜೋಡಿಬಾಣದ ಗುರುತೂ ಹೋಗುತ್ತದೆ, ಮಿತಿಯೂ ತಪ್ಪುತ್ತದೆ.

ಮತದಾನ ಮುಗಿಯುವ ಹೊತ್ತಿಗಿಂತ ಹಿಂದಿನ 48 ಗಂಟೆಗಳ, ಪ್ರಚಾರ ನಿಲ್ಲಬೇಕಾದ ಮೌನಾವಧಿಯೂ ಹೀಗೆಯೇ ಸೋರುತ್ತದೆ. ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಮು ಆ ಅವಧಿಯಲ್ಲಿ ಟಿವಿಯ ಮೂಲಕ ಚುನಾವಣಾ ಪ್ರಚಾರ ವಿಷಯ ತೋರಿಸುವುದನ್ನು ನಿಷೇಧಿಸುತ್ತದೆ. ಆದರೆ 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲೇ ಏಪ್ರಿಲ್ 26 ಮತ್ತು ಮೇ 7ರಂದು ಎರಡು ಹಂತಗಳಲ್ಲಿ ಮತದಾನ ನಡೆದಾಗ, ದಕ್ಷಿಣದ ಕ್ಷೇತ್ರಗಳು ಮೌನದಲ್ಲಿರಬೇಕಾದ ಹೊತ್ತಿನಲ್ಲಿ ಬೇರೆಡೆಯ ಸಭೆಗಳು ಅವೇ ಮನೆಗಳ ಟಿವಿಯಲ್ಲಿ ಕಾಣುತ್ತಿದ್ದವು. ಒಂದೇ ರಾಜ್ಯದ ಮತದಾನವನ್ನು ಹಂತಗಳಲ್ಲಿ ನಡೆಸುವವರೆಗೆ ಈ ಕಲಮು ಅರ್ಧಬಲದ್ದೇ ಆಗಿರುತ್ತದೆ.

ಈಗ ನನ್ನ ತರಗತಿಯಲ್ಲಿ ವಿದ್ಯಾರ್ಥಿಗಳು ತಮ್ಮ ಮನೆಯ ಗುಂಪಿಗೆ ಬಂದ ತುಣುಕೊಂದನ್ನು ತಂದು, ಅದರ ಪೂರ್ಣ ಭಾಷಣವನ್ನು ಹುಡುಕಿ, ಕೊಂಡಿಯನ್ನೂ ನೋಡಬೇಕಾದ ನಿಮಿಷವನ್ನೂ ಅದೇ ಗುಂಪಿಗೆ ತಾವೇ ಕಳುಹಿಸುವ ಅಭ್ಯಾಸ ಮಾಡುತ್ತಾರೆ. "ಇದು ಸುಳ್ಳು" ಎಂದು ಬರೆದು ಕಳುಹಿಸಿದವರಿಗೆ ಹೆಚ್ಚಾಗಿ ಜಗಳವೇ ಎದುರಾಗಿದೆ. "ಪೂರ್ತಿ ಇಲ್ಲಿದೆ, 14ನೇ ನಿಮಿಷದಿಂದ ನೋಡಿ ಚಿಕ್ಕಪ್ಪ" ಎಂದು ಬರೆದವರ ಮನೆಗಳಲ್ಲಿ ಹಿರಿಯರು ಅದನ್ನು ತೆರೆದು ನೋಡಿದ್ದಾರೆ, ಒಬ್ಬಿಬ್ಬರು ಮೊದಲು ಕಳುಹಿಸಿದ್ದನ್ನು ಅಳಿಸಿಯೂ ಇದ್ದಾರೆ.